ಐಸ್ ಪೆಟ್ಟಿಗೆಯೊಳಗಿನ ಭಂಡಾರ

“ನೀವು ಮೊದಲ ಹೊರಗ ನಡೀರಿ.”

ರಬಕವಿಯ ನೇಕಾರ ಓಣಿಯಲ್ಲಿ, ತಪಾಸಣಾ ಶಿಬಿರದ ಬಾಗಿಲಲ್ಲಿ ನಿಂತು ನರ್ಸ್ ಅನಸವ್ವ ಅವನಿಗೆ ಹೇಳಿದ ಮೊದಲ ಮಾತು ಇದು. ಹೇಳಿಸಿಕೊಂಡವನು ಬಾಳು. ಐಸ್ ಪೆಟ್ಟಿಗೆಯನ್ನು ಎದೆಗವಚಿಕೊಂಡು ಹೆಂಗಸರ ಸಾಲಿನ ನಟ್ಟನಡುವೆ ಬಂದು ನಿಂತುಬಿಟ್ಟಿದ್ದ. ಅವನನ್ನು ಕಂಡದ್ದೇ ತಡ, ಅರ್ಧ ಸಾಲು ಸೆರಗೆಳೆದುಕೊಂಡು ಹಿತ್ತಲ ಬಾಗಿಲಿನಿಂದ ಮನೆಯ ದಾರಿ ಹಿಡಿದಿತ್ತು.

“ಪೆಟಿಗಿ ಬಿಸಲಾಗ ಇಟ್ರ ಒಳಗಿಂದು ಕೆಡತೈತ್ರಿ,” ಎಂದ ಅವನು.

“ಇವರನ್ನ ಮನಿಯಿಂದ ಹೊರಡಸಾಕ ನನಗ ಹದಿನೈದು ದಿನ ಹಿಡದೈತಿ. ನಿಮ್ಮ ಐಸ್ ಕರಗಾಕ ಹದಿನೈದು ದಿನ ಬೇಕೇನ್ರಿ?”

ಬಾಳು ಹೊರಗೆ ಹೋಗಿ ಬೇವಿನ ಮರದ ಕೆಳಗೆ ಕುಳಿತ. ಹೆಗಲ ಮೇಲಿನ ಟವೆಲ್ಲನ್ನು ನೀರಲ್ಲಿ ಅದ್ದಿ ಪೆಟ್ಟಿಗೆಗೆ ಹೊದಿಸಿದ. ನೆರಳು ಸರಿದಂತೆಲ್ಲ ಪೆಟ್ಟಿಗೆಯನ್ನೂ ಸರಿಸುತ್ತ ಹೋದ. ಕಿಟಕಿಯಿಂದ ಆಗೊಮ್ಮೆ ಈಗೊಮ್ಮೆ ನೋಡುತ್ತಿದ್ದ ಅನಸವ್ವನಿಗೆ ಮಧ್ಯಾಹ್ನದ ಹೊತ್ತಿಗೆ ಒಳಗೊಳಗೇ ಮುಜುಗರವಾಗತೊಡಗಿತು. ಇಷ್ಟು ಜೋರು ಮಾಡಬಾರದಿತ್ತೇನೋ... ಪಾಪ, ನೆರಳನ್ನು ಪೆಟ್ಟಿಗೆಗೆ ಬಿಟ್ಟು ಅವನು ಮಾತ್ರ ಬಿಸಿಲಲ್ಲೇ ಇದ್ದಾನಲ್ಲ.

ಅದು ತೊಂಬತ್ತೆರಡನೆಯ ಇಸವಿ. ಹೆಂಗಸರ ಗರ್ಭಕೋಶದ ಬಾಯಿಯಲ್ಲಿ ಕ್ಯಾನ್ಸರ್ ಹುಟ್ಟುವ ಮೊದಲೇ ಅಲ್ಲಿನ ಜೀವಕಣಗಳು ಬದಲಾಗುತ್ತವಂತೆ. ಆ ಬದಲಾವಣೆಗೆ ಮೂರು ದರ್ಜೆ. ಮೊದಲನೆಯದಕ್ಕೆ ಕಾದು ನೋಡಿದರೆ ಸಾಕು, ಮೂರನೆಯದಕ್ಕೆ ಒಂದು ತಿಂಗಳೂ ತಡಮಾಡುವಂತಿಲ್ಲ. ಗಾಜಿನ ಪಟ್ಟಿಗೆ ಕಣಗಳನ್ನು ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿ ದರ್ಜೆ ಹೇಳುವುದು ವೈದ್ಯರ ರೂಢಿ. ಆದರೆ ಒಂದೇ ಪಟ್ಟಿಯನ್ನು ನೋಡಿದ ಇಬ್ಬರು ವೈದ್ಯರು ಎರಡು ದರ್ಜೆ ಹೇಳುವುದೂ ಉಂಟು. ಅದಕ್ಕೇ ಧಾರವಾಡದ ಒಂದು ಪ್ರಯೋಗಶಾಲೆಯವರು ಕಣದೊಳಗಿನ ಪ್ರೋಟೀನನ್ನೇ ಕೇಳಿ ನೋಡೋಣ ಎಂದು ಹೊರಟಿದ್ದರು. ಬಾಳು ಅಲ್ಲಿ ಸಹಾಯಕ; ಶಿಬಿರದಲ್ಲಿ ಹೆಂಗಸರಿಂದ ತೆಗೆದ ಕಣಗಳ ನಳಿಕೆಗಳನ್ನು ಐಸಿನಲ್ಲಿಟ್ಟು ಧಾರವಾಡಕ್ಕೆ ಒಯ್ಯುವುದು ಅವನ ಕೆಲಸ. ತುಬಚಿಯ ಕುರಿ ಕಾಯುವ ಮನೆತನದಲ್ಲಿ ಮೊದಲು ಓದಿದವನು.

ಶಿಬಿರ ಎಂಟು ಗುರುವಾರ ನಡೆಯಿತು. ಎರಡನೆಯ ಗುರುವಾರ ಅನಸವ್ವ ತಾನಾಗಿ ಮರದ ಕೆಳಗೆ ಒಂದು ಲೋಟ ಮಜ್ಜಿಗೆ ಕಳಿಸಿದಳು. ಮೂರನೆಯ ಗುರುವಾರ ತಾನೇ ಒಯ್ದಳು.

ಅವಳನ್ನು ಸಾಕಿ ಓದಿಸಿದವಳು ಚಿಗವ್ವ ಕೆಂಪವ್ವ. ತಾಯಿ ಸತ್ತಾಗ ಮೂರು ವರ್ಷದವಳಾಗಿದ್ದ ಅಕ್ಕನ ಮಗಳನ್ನು ಮಡಿಲಿಗೆ ಹಾಕಿಕೊಂಡು, ನೇಕಾರರ ಮನೆಗಳಿಗೆ ಕಂಡಿಕೆಗೆ ನೂಲು ಸುತ್ತಿಕೊಟ್ಟು ನರ್ಸ್ ಮಾಡಿದ್ದಳು. ನಾಲಗೆ ಹರಿತ. ಶಿಬಿರಕ್ಕೆ ಬಂದವಳು ತಾನು ಒಳಗೆ ಹೋಗದೆ ಮರದ ಕೆಳಗೆ ಬಾಳುವಿನ ಎದುರು ಕುಳಿತು, ಹೆಣ್ಣುಮಕ್ಕಳದ್ದು ಒಯ್ದು ಬೆಲ್ಲದ ಪಾಕ ತೆಗೆಯುತ್ತೀಯಾ ಎಂದು ಕೇಳಿದಳು.

ಬಾಳು ನಕ್ಕು ಬಿಡಿಸಿ ಹೇಳಿದ. ಹೆಪ್ಪುಗಟ್ಟಿದ ಗಂಜಿಯ ಹಾಗಿನ ತೆಳ್ಳನೆಯ ಹಾಳೆಯ ಒಂದು ತುದಿಗೆ ಪ್ರೋಟೀನ್ ಇಟ್ಟು ಕರೆಂಟು ಹಾಯಿಸಿದರೆ ಅವು ಓಡುತ್ತವೆ.

“ಕುರಿ ಹಿಂಡ ಬಿಟ್ಟಂಗ ನೋಡ ಬೇ. ಸಣ್ಣ ಮರಿ ಮುಂದ ಓಡತಾವು, ದೊಡ್ಡ ಟಗರು ಹಿಂದ ಉಳೀತಾವು. ಆಮ್ಯಾಲ ನೀಲಿ ಬಣ್ಣ ಹಾಕಿದ್ರ ಸೀರಿ ಪಟ್ಟಿ ಇದ್ದಂಗ ಗೆರಿ ಕಾಣತಾವು. ಯಾವ ಪಟ್ಟಿ ದಪ್ಪಾಗೈತಿ ನೋಡಿ, ಜಡ್ಡು ಎಲ್ಲಿತನಾ ಬಂದೈತಿ ಹೇಳಾಕ ನೋಡತೀವಿ.”

ಕೆಂಪವ್ವ ಎದ್ದು ಹೋಗಿ ಅನಸವ್ವನ ಕಿವಿಯಲ್ಲಿ ಹೇಳಿದಳಂತೆ: “ಕುರಿ ಕಾಯೂ ಹುಡುಗ ಛಲೋ ಅದಾನ ಬೇ. ಮಜ್ಜಿಗಿ ತೆಳ್ಳಗ ಮಾಡಬ್ಯಾಡ.”

ಅನಸವ್ವನ ಕಿವಿ ಕೆಂಪಾಯಿತು.

ಬಾಳು ಒಂದು ಮಾತು ಕೊಟ್ಟಿದ್ದ. ನೀಲಿ ಪಟ್ಟಿಗಳಲ್ಲಿ ಕೆಟ್ಟದ್ದು ಕಂಡರೆ ಅವತ್ತೇ ಅವಳಿಗೆ ಕಾಗದ ಹಾಕುವುದು. ವೈದ್ಯರು ಆ ಹೆಂಗಸನ್ನು ಮತ್ತೆ ಕರೆದು ನೋಡುವುದು. ಕಾಗದ ಬಾರದಿದ್ದರೆ ಕ್ಷೇಮ. ಏಳು ಗುರುವಾರಗಳಿಗೆ ನಾಲ್ಕು ಕಾಗದ ಬಂದವು. ನಾಲ್ವರಿಗೂ ಜಮಖಂಡಿಯ ಆಸ್ಪತ್ರೆಯಲ್ಲಿ ಹೊತ್ತಿಗೆ ಸರಿಯಾಗಿ ಚಿಕಿತ್ಸೆಯಾಯಿತು. ಪ್ರತಿ ಕಾಗದದ ಕೊನೆಗೆ ಒಂದೇ ಸಾಲು ಬೇರೆ ಇರುತ್ತಿತ್ತು: “ನೀವು ಬಿಸಿಲಾಗ ಭಾಳ ತಿರಗಬ್ಯಾಡ್ರಿ.” ಅನಸವ್ವ ಆ ಸಾಲನ್ನು ಎಷ್ಟು ಸಲ ಓದಿಕೊಂಡಳೋ... ಕಾಗದ ಬರಬಾರದೆಂದು ಕುರಿ ಕಾಯುವವರ ದೇವರಾದ ಬೀರೇಶ್ವರನಿಗೆ ಕೈಮುಗಿಯುವವಳೂ ಅವಳೇ, ಅಂಚೆಯವನ ಸೈಕಲ್ ಗಂಟೆಗೆ ಹೊಸ್ತಿಲಿಗೆ ಓಡುವವಳೂ ಅವಳೇ. ಮನುಷ್ಯರ ಮನಸ್ಸು ಹೀಗೆ ಎರಡು ಕಡೆ ಎಳೆಯುವುದು ದೇವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ.

ಎಂಟನೆಯ ಗುರುವಾರ ಕೊನೆಗೂ ಕೆಂಪವ್ವ ಒಳಗೆ ಬಂದಳು. ಅವಳ ನಳಿಕೆಯನ್ನು ಅನಸವ್ವ ತಾನೇ ಪೆಟ್ಟಿಗೆಯಲ್ಲಿ ಇಟ್ಟಳು. ಬಾಳು ಬಸ್ಸು ನೋಡಲು ಹೋಗಿದ್ದ. ಅನಸವ್ವನದೂ ಬೀರೇಶ್ವರನ ಒಕ್ಕಲು; ಅವಳ ಮನೆತನದಲ್ಲಿ ಯಾವುದೇ ಮುಖ್ಯ ವಸ್ತು ಹೊರಡುವಾಗ, ಅದು ಕುರಿ ಹಿಂಡಾಗಲಿ, ಮದುವೆಯ ಸೀರೆಯಾಗಲಿ, ಮೇಲೆ ಬೀರೇಶ್ವರನ ಭಂಡಾರ ಬೀಳದೆ ಹೊರಡುವುದಿಲ್ಲ. ಚಿಗವ್ವನ ಜೀವವೇ ಹೊರಟಿರುವಾಗ? ಅನಸವ್ವ ಕಣ್ಣುಮುಚ್ಚಿ, ಒಂದು ಹಿಡಿ ಅರಿಸಿನದ ಭಂಡಾರವನ್ನು ಐಸಿನ ಮೇಲೆ ಹಾಕಿ ಮುಚ್ಚಳ ಮುಚ್ಚಿದಳು. ಯಾರಿಗೂ ಹೇಳಲಿಲ್ಲ.

ಆ ವಾರ ಕಾಗದ ಬರಲಿಲ್ಲ. ಮರುವಾರವೂ ಇಲ್ಲ.

ಚಿಗವ್ವ ಕ್ಷೇಮ! ಅನಸವ್ವ ದೇವರಿಗೆ ತುಪ್ಪದ ದೀಪ ಹಚ್ಚಿದಳು. ವೈದ್ಯರ ಗಾಜಿನ ಪಟ್ಟಿಯೂ ಮೊದಲ ದರ್ಜೆ ಎಂದೇ ಹೇಳಿತ್ತು. ಆರು ತಿಂಗಳಿಗೆ ಮತ್ತೆ ತೋರಿಸಿ ಎಂದಿದ್ದರು. ಆದರೆ ದೀಪ ಆರಿದ ಮೇಲೆ ಇನ್ನೊಂದು ಮಾತು ಚುಚ್ಚಿತು. ಶಿಬಿರ ಮುಗಿಯಿತು, ಅವನಿಗೆ ನನ್ನ ನೆನಪೂ ಮುಗಿಯಿತು. ಒಂದು ಸಾಲು ಬರೆಯಲು ಯಾರಿಗಾದರೂ ಜಡ್ಡೇ ಆಗಬೇಕಿತ್ತೇ?

ತಾನಾಗಿ ಬರೆಯಲು ಅವಳಿಗೆ ಬಿಗುಮಾನ. ಆರು ತಿಂಗಳಾದಾಗ ಚಿಗವ್ವನನ್ನು ಜಮಖಂಡಿಗೆ ಹೊರಡಿಸಲು ನೋಡಿದಳು. ಕೆಂಪವ್ವ ಕಂಡಿಕೆ ಬಿಟ್ಟು ಏಳಲಿಲ್ಲ. ಆ ಹುಡುಗನ ಕಾಗದ ಬಂದಿಲ್ಲವಲ್ಲ, ಮತ್ತೇನು ನೋಡುವುದು ಎಂದಳು. ಆ ಹುಡುಗನ ಮಾತೇ ಅನಸವ್ವನಿಗೆ ಬೇಡವಾಗಿತ್ತು. ಮಾತು ಬೆಳೆಸದೆ ಸುಮ್ಮನಾದಳು. ಅದೊಂದು ಸುಮ್ಮನಿರುವಿಕೆ ಅವಳನ್ನು ಜನ್ಮವಿಡೀ ಕಾಡಲಿತ್ತು.

ಎರಡು ವರ್ಷಕ್ಕೆ ಕೆಂಪವ್ವನಿಗೆ ರಕ್ತ ಹೋಗತೊಡಗಿತು. ಮೂರು ದರ್ಜೆಗಳನ್ನೂ ದಾಟಿ ಜಡ್ಡು ಹೊಟ್ಟೆಗೆಲ್ಲ ಹಬ್ಬಿತ್ತು. ತೊಂಬತ್ನಾಲ್ಕರ ಶ್ರಾವಣದಲ್ಲಿ, ಸೋಮವಾರ ಬೆಳಿಗ್ಗೆ, ಅನಸವ್ವನ ತೊಡೆಯ ಮೇಲೆ ತಲೆಯಿಟ್ಟು ಕೆಂಪವ್ವ ಶಿವನ ಪಾದ ಸೇರಿದಳು.

ಕಾರ್ತಿಕ ಮಾಸದ ಒಂದು ಸಂಜೆ ಬಾಳು ಬಂದ. ಹೊಸ್ತಿಲ ಹೊರಗೇ ನಿಂತ. ಇಳಿದುಹೋಗಿದ್ದ. ಆಸ್ಪತ್ರೆಯಿಂದ ಪ್ರಯೋಗಶಾಲೆಗೆ ಬಂದ ಕಾಗದಗಳಲ್ಲಿ ತೀರಿಕೊಂಡವರ ನಡುವೆ ಕೆಂಪವ್ವನ ಹೆಸರು ನೋಡಿದ್ದನಂತೆ. ಬರಲು ಮೂರು ತಿಂಗಳು ಧೈರ್ಯ ಸಾಲಲಿಲ್ಲವಂತೆ.

“ಎಂಟನೇ ಗುರುವಾರದ ಪೆಟಿಗಿ ನಾ ಚೆಲ್ಲಿದ್ನಿ,” ಎಂದ.

ಅನಸವ್ವನಿಗೆ ತಿಳಿಯಲಿಲ್ಲ.

ಅವನು ನೆಲ ನೋಡುತ್ತಲೇ ಹೇಳಿದ. ಧಾರವಾಡದಲ್ಲಿ ಮುಚ್ಚಳ ತೆಗೆದಾಗ ಐಸು ಕರಗಿ ನೀರೆಲ್ಲ ಹಳದಿಯಾಗಿತ್ತು. ಬಿರಡೆಗಳ ಸಂದಿನಿಂದ ಅರಿಸಿನ ನಳಿಕೆಗಳೊಳಗೆ ಇಳಿದಿತ್ತು. ಚೀಟಿಗಳ ಮೇಲಿನ ಹೆಸರು ಅಳಿಸಿ ಯಾವುದು ಯಾರದೆಂದು ತಿಳಿಯುವಂತಿರಲಿಲ್ಲ. ಬೀರೇಶ್ವರನ ಮನೆಯ ಮಗನಿಗೆ ಭಂಡಾರದ ವಾಸನೆ ಗೊತ್ತಾಗದೇ? ಯಾರ ಕೈಯೆಂಬುದೂ ಗೊತ್ತಾಯಿತು. ಮೇಲಿನವರಿಗೆ ತಿಳಿದರೆ ದೂರು ಹೋಗುತ್ತದೆ, ಅವಳ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಬಸ್ಸು ತಡವಾಗಿ ಐಸು ಕರಗಿತು, ತಪ್ಪು ನನ್ನದು ಎಂದು ಬರೆದುಕೊಟ್ಟ.

“ಮತ್ತೊಮ್ಮೆ ತಗೊಂಡ ಕಳಸ್ರಿ ಅಂತ ನಿಮಗ ಬರೀಬೇಕಾಗಿತ್ತು. ಬರದ್ರ ಯಾಕಂತ ಕೇಳತೀರಿ, ಹೇಳಿದ್ರ ನೀವು ಸಣ್ಣಾಗತೀರಿ... ಡಾಕ್ಟರ ಹೆಂಗೂ ಗಾಜಿನ ಪಟ್ಟಿ ನೋಡತಾರಂತ ಸುಮ್ನಾದ್ನಿ. ಕಾಗದ ಬರಲಿಲ್ಲಂದ್ರ ಆರಾಮ ಅಂತ ನಾನ ಹೇಳಿದ್ನಿ. ಅದನ್ನ ಮರತ್ನಿ.”

ಅನಸವ್ವ ಗೋಡೆ ಹಿಡಿದು ಕುಳಿತಳು. ಚಿಗವ್ವನ ಜೀವ ಕಾಯಲೆಂದು ಹಾಕಿದ ಭಂಡಾರ! ಇಷ್ಟು ದಿನ ಅವನು ಮರೆತನೆಂದು ಅತ್ತಿದ್ದಳು. ಅವನು ಮರೆತಿರಲಿಲ್ಲ. ಮರೆತಿದ್ದರೇ ಚೆನ್ನಾಗಿತ್ತೇನೋ... ಬೇರೆ ಯಾವ ಹೆಂಗಸಿನ ತಪ್ಪಾಗಿದ್ದರೂ ಅವನು ಬರೆದೇ ಬರೆಯುತ್ತಿದ್ದ.

“ನೀವು ನನ್ನ ಕಾಯಾಕ ಹೋದ್ರಿ,” ಎಂದಳು, “ಚಿಗವ್ವನ್ನ ಕಾಯೂದು ಉಳೀತು.”

“ಖರೆ ಐತ್ರಿ.”

“ನಾನೂ ಒಂದ ಸಾಲ ಬರದ ಕೇಳಲಿಲ್ಲ. ಅಕಿನ್ನ ಎತ್ತಿಕೊಂಡಾದ್ರೂ ಜಮಖಂಡಿಗೆ ಹೋಗಬೇಕಾಗಿತ್ತು.”

ಓಣಿಯಲ್ಲಿ ಮಗ್ಗಗಳ ಸದ್ದು ನಡೆದೇ ಇತ್ತು.

“ಆ ನಳಿಕಿ ಕೆಡದಿದ್ರ, ನೀಲಿ ಪಟ್ಟಿ ಹೇಳತಿತ್ತೇನ್ರಿ?” ಅವಳು ಕೊನೆಗೆ ಕೇಳಿದಳು. ಈ ಪ್ರಶ್ನೆಗೆ ಅಂಜಿಯೇ ಅವನು ಮೂರು ತಿಂಗಳು ಬಂದಿರಲಿಲ್ಲ.

“ಗೊತ್ತಿಲ್ರಿ. ಆ ವಿದ್ಯೆ ಇನ್ನೂ ಕಲ್ಯಾಕತ್ತೇವಿ. ಹೇಳತಿತ್ತಂದ್ರ ನಿಮಗ ಸುಳ್ಳ ಹೇಳಿದಂಗ. ಹೇಳತಿರಲಿಲ್ಲಂದ್ರ ನನಗ ನಾ ಸುಳ್ಳ ಹೇಳಕೊಂಡಂಗ.”

ಅನಸವ್ವ ಆಗ ಅತ್ತಳು. ಶ್ರಾವಣದಿಂದ ತಡೆದಿಟ್ಟದ್ದನ್ನೆಲ್ಲ ಅತ್ತಳು. ಅವನು ಸಮಾಧಾನ ಹೇಳಲಿಲ್ಲ, ಹೋಗಲೂ ಇಲ್ಲ. ತನ್ನ ಕಣ್ಣನ್ನು ಒರೆಸಿಕೊಳ್ಳುವುದನ್ನೂ ಮರೆತು ನಿಂತಿದ್ದ. ಆಗಲೇ ಅವಳಿಗೆ ಹೊಳೆದದ್ದು: ಈ ದುಃಖವನ್ನು ಪೂರ್ತಿಯಾಗಿ ಬಲ್ಲವರು ಈ ಭೂಮಿಯ ಮೇಲೆ ಇಬ್ಬರೇ. ಬೇರೆ ಯಾರ ಮುಂದೆ ಕುಳಿತರೂ ಅರ್ಧ ಮುಚ್ಚಿಟ್ಟೇ ಬದುಕಬೇಕು.

“ನನ್ನ ಮ್ಯಾಲ ಸಿಟ್ಟ ಐತೇನ್ರಿ?” ಅವನ ದನಿ ಕೇಳಿಸದಷ್ಟು ಸಣ್ಣದಾಗಿತ್ತು.

“ಐತಿ.”

“ಹಂಗಾರ ಹೋಗತೇನ್ರಿ.”

“ಹೋಗಬ್ಯಾಡ್ರಿ. ಸಿಟ್ಟ ಇಳಿಯೂತನಾ ಇರ್ರಿ.”

ಅವನು ಮೊದಲ ಸಲ ತಲೆ ಎತ್ತಿ ಅವಳ ಮುಖ ನೋಡಿದ.

“ಎಷ್ಟ ದಿನ ಬೇಕಾದೀತು?”

ಅನಸವ್ವ ಸೆರಗಿನಿಂದ ಕೆನ್ನೆ ಒರೆಸಿಕೊಂಡಳು.

“ಭಾಳ ದಿನ ಹಿಡೀತೈತಿ. ಇಬ್ರೂ ಮುದುಕರಾಗೂತನಾ ಹಿಡದ್ರೂ ಹಿಡೀಬಹುದು...”

ಬಾಳು ಚಪ್ಪಲಿ ಬಿಟ್ಟು ಒಳಗೆ ಬಂದ.