ತಟ್ಟಿ ನೋಡಿದ ಕಾರು

ಹಳೇ ಕಾರುಗಳಿಗೆ ಬೆಲೆ ಕಟ್ಟುವುದೇ ನನ್ನ ಕಸುಬು. ಬೆರಳ ಗೆಣ್ಣಿನಿಂದ ತಟ್ಟಿದರೆ ಸಾಕು, ಗುದ್ದಿಸಿಕೊಂಡು ಪುಟ್ಟಿ ಮೆತ್ತಿದ ಜಾಗ ಮೊದ್ದು ಸದ್ದು ಮಾಡುತ್ತದೆ. ಅಂಥ ನನ್ನ ಕಿವಿ ಮೇಲೇ ಹೂವಿಡಲು ಬಂದರಲ್ಲ ಸ್ವಂತ ಚಿಕ್ಕಪ್ಪ, ಆ ಸಿಟ್ಟು ಇನ್ನೂ ಇಳಿದಿಲ್ಲ.

"ಅಜ್ಜನ ಕಾಲದ್ದು, ಒಂದು ಗೀರೂ ಬಿದ್ದಿಲ್ಲ. ಎಂಟು ಲಕ್ಷ ನ್ಯಾಯವಾದ ಬೆಲೆ ಕಣೋ."

ಕಾರಿನ ಬಾಗಿಲನ್ನು ಎರಡು ಸಲ ತಟ್ಟಿದೆ. ಮೊದ್ದು ಸದ್ದು. ಸುಡುಬಿಸಿಲಲ್ಲೂ ತಗಡು ತಣ್ಣಗಿತ್ತು. ಒಳಗಿನಿಂದಲೂ ಯಾರೋ ಎರಡು ಸಲ ತಟ್ಟಿದರು.

"ಹೋಗ್ಲಿ, ಆರಕ್ಕೆ ತಗೋ," ಎಂದರು ಚಿಕ್ಕಪ್ಪ.

ಬಾಗಿಲು ತೆಗೆದೆ. ಒಳಗೆ ಯಾರೂ ಇಲ್ಲ.

"ಯಾರನ್ನ ಕೂರಿಸಿ ಆಟ ಆಡಿಸ್ತಿದೀರಿ ನನ್ನ?" ಎಂದು ರೇಗಿದೆ. "ತಟ್ಟಿದ್ದು ಕೇಳಿಸ್ಲಿಲ್ವಾ?"

"ನಂಗೇನೂ ಕೇಳಿಸ್ಲಿಲ್ಲಪ್ಪ."

ಬಾಗಿಲನ್ನು ದಡಾರನೆ ಹಾಕಿ, ಕೈಗಳನ್ನು ಜೇಬಿನಲ್ಲಿಟ್ಟು ನಿಂತೆ. ಒಳಗಿನಿಂದ ಮತ್ತೆ ಎರಡು ಸಲ ತಟ್ಟಿದ ಸದ್ದು ಬಂತು.

"ನಾಲ್ಕು," ಎಂದರು ಚಿಕ್ಕಪ್ಪ.