ಉಳಿದ ಎರಡು ಚೌಕ

ಆ ಹೆಲ್ಮೆಟ್ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ದೋಣಿಮಲೈ ಗಣಿಯ ನಮ್ಮ ಸ್ಟಾಫ್ ಬಸ್ಸಿನಲ್ಲಿ ಸೀಟಿನ ಮೇಲೆ ಹೆಲ್ಮೆಟ್ ಇಟ್ಟರೆ ಆ ಜಾಗ ಯಾರಿಗೋ ಹಿಡಿದಿಟ್ಟದ್ದು; ಮತ್ತೊಬ್ಬರು ಕೂರುವುದಿಲ್ಲ. ಬಂಡೆ ಸಿಡಿಸುವ ಬ್ಲಾಸ್ಟಿಂಗ್ ಸೆಕ್ಷನ್ನಿನ ಸಿದ್ದಲಿಂಗೇಶ್ ನಾಲ್ಕು ತಿಂಗಳಿಂದ ದಿನಾ ಸಂಜೆ ಪಕ್ಕದ ಸೀಟಿಗೆ ಹೆಲ್ಮೆಟ್ ಇಟ್ಟು, ನಾನು ಲ್ಯಾಬ್ ಮುಗಿಸಿ ಬಸ್ ಹತ್ತಿದ ಮೇಲೆ ಎತ್ತಿಕೊಳ್ಳುತ್ತಿದ್ದ. ಆಮೇಲೆ ಬಾಯಲ್ಲಿ ಕಡುಬು ತುರುಕಿಕೊಂಡವನ ಹಾಗೆ ಸುಮ್ಮನೆ ಮೊಬೈಲ್ ನೋಡುತ್ತಿದ್ದ.

ಮೊಬೈಲಿನಲ್ಲಿ ಮೈನ್‌ಸ್ವೀಪರ್ ಆಟ. ಒಂದು ಚೌಕ ಒತ್ತಿದರೆ ಸುತ್ತ ಎಷ್ಟು ಬಾಂಬ್ ಇವೆ ಎಂಬ ಅಂಕಿ ಬರುತ್ತದೆ. ಎಣಿಸಿ ಎಣಿಸಿ ಬಾಂಬಿಲ್ಲದ ಚೌಕಗಳನ್ನೆಲ್ಲ ತೆರೆಯಬೇಕು. ಅವನು ಚಕಚಕ ತೆರೆಯುತ್ತಿದ್ದ. ಆದರೆ ಒಮ್ಮೊಮ್ಮೆ ಕೊನೆಗೆ ಎರಡೇ ಚೌಕ, ಒಂದೇ ಬಾಂಬ್ ಉಳಿಯುತ್ತದೆ. ಯಾವ ಲೆಕ್ಕವೂ ನಡೆಯುವುದಿಲ್ಲ, ಊಹಿಸಲೇಬೇಕು. ಅಲ್ಲಿಗೆ ಬಂದ ಕೂಡಲೇ ಅವನು ಆಟ ಮುಚ್ಚಿ ಹೊಸದು ಶುರುಮಾಡುತ್ತಿದ್ದ.

ಯಾಕೆಂದು ಒಮ್ಮೆ ಕೇಳಿದ್ದೆ. “ನಮ್ಮ ಕೆಲಸದಾಗ ಊಹೆ ಮಾಡಿದವರು ಉಳಿಯಂಗಿಲ್ರಿ,” ಎಂದಿದ್ದ.

ಭಾನುವಾರ ಕಂಪ್ಲಿಯ ರೈಸ್ ಮಿಲ್ಲಿನವರು ನನ್ನನ್ನು ನೋಡಲು ಬರುವವರಿದ್ದರು. ಹುಡುಗ ಒಳ್ಳೆಯವನಂತೆ, ಅದೇ ತಲೆನೋವು. ಶುಕ್ರವಾರ ಬೆಳಿಗ್ಗೆ ಅಪ್ಪ ರೊಟ್ಟಿ ಮುರಿಯುತ್ತ ಕೇಳಿದ್ದರು, “ಮನಸ್ನಾಗ ಯಾರರ ಅದಾರೇನವ್ವಾ? ಇದ್ರ ಸಂಜಿಯೊಳಗ ಹೇಳು. ಅವರನ್ನ ಕರಿಸಿ ಮುಖ ಮುರಿಯೋದು ಬ್ಯಾಡ.”

ಇದ್ದಾರೆ ಎನ್ನಲು ನನ್ನ ಹತ್ತಿರ ಇದ್ದದ್ದೇನು? ಒಂದು ಹೆಲ್ಮೆಟ್! ಅದು ಪ್ರೀತಿಯೋ, ಬರೀ ಅಭ್ಯಾಸವೋ? ದಿನವಿಡೀ ಅದೇ ಯೋಚನೆ; ಲ್ಯಾಬಿನಲ್ಲಿ ಎರಡು ಅದಿರಿನ ಸ್ಯಾಂಪಲ್ ಅದಲುಬದಲು ಮಾಡಿ ಬೈಸಿಕೊಂಡೆ.

ಸಂಜೆ ಬಸ್ಸು ಘಾಟಿ ಇಳಿಯುವಾಗ ಕಿಟಕಿಯ ಕಡೆ ಮುಖ ಮಾಡಿ ಭಾನುವಾರದ ವಿಷಯ ಹೇಳಿಬಿಟ್ಟೆ. ಅವನ ಬೆರಳು ನಿಂತಿತು. ಕಿವಿ ಕೆಂಪಾಯಿತು. ನನ್ನತ್ತ ಅರ್ಧ ತಿರುಗಿದವನು ಮತ್ತೆ ಕಣ್ಣು ತಗ್ಗಿಸಿ, ಒಳ್ಳೆಯದಾಯಿತು ಬಿಡಿ ಎಂದ.

ಒಳ್ಳೆಯದಂತೆ! ನಾನಿಳಿಯುವ ಸಂಡೂರಿಗೆ ಇನ್ನು ಹತ್ತೇ ನಿಮಿಷ. ಅವನ ಮೊಬೈಲಿನಲ್ಲಿ ಎರಡು ಚೌಕ ಉಳಿದಿದ್ದವು. ಎಂದಿನಂತೆ ಮುಚ್ಚಲು ಹೋದವನ ಮಣಿಕಟ್ಟು ಹಿಡಿದೆ.

“ಇವತ್ತು ಮುಚ್ಚಬ್ಯಾಡ್ರಿ. ಒಂದು ಒತ್ರಿ.”

ಅವನು ನನ್ನ ಕೈಯನ್ನೇ ನೋಡಿದ. ಬಿಡಿಸಿಕೊಳ್ಳಲಿಲ್ಲ. ಮೊಬೈಲನ್ನು ಮೆಲ್ಲಗೆ ನನ್ನ ಕಡೆ ಚಾಚಿ, ನೀವೇ ಒತ್ತಿ ಎಂದ. ಎಡಗಡೆಯದನ್ನು ಒತ್ತಿದೆ.

ಬಾಂಬ್. ಪರದೆ ತುಂಬ ಬಾಂಬ್. ಒಂದು ಆಟಕ್ಕೆ ಅಳು ಬರುತ್ತದೆಂದರೆ ನನಗೇ ನಾಚಿಕೆಯಾಯಿತು.

ಅವನು ಮಾತ್ರ ನಕ್ಕುಬಿಟ್ಟ. ಅವನ ನಗು ನಾನು ಕಂಡದ್ದು ಅದೇ ಮೊದಲು.

“ಸಿಡೀತು. ಆದ್ರೂ ಇಬ್ರೂ ಇಲ್ಲೇ ಕುಂತೀವಿ ನೋಡ್ರಿ,” ಎಂದ. ಆಮೇಲೆ ದನಿ ತಗ್ಗಿತು. “ಶೈಲಶ್ರೀ ಅವ್ರೇ, ನಿಮ್ಮ ಮನಸ್ನಾಗ ಏನೈತೋ ನನಗ ಎಣಿಸಾಕ ಆಗವಲ್ದು. ನಾಳೆ ನಮ್ಮವ್ವನ್ನ ಕರಕೊಂಡು ನಿಮ್ಮನಿಗೆ ಬರ್ಲೇನ್ರಿ?”

ಅಷ್ಟರಲ್ಲಿ ಡ್ರೈವರ್ ಭರಮಣ್ಣ ಸಂಡೂರು ಎಂದು ಕೂಗಿ ಬ್ರೇಕ್ ಹಾಕಿದ. ಎದ್ದೆ. ಸಿದ್ದಲಿಂಗೇಶನ ತೊಡೆಯ ಮೇಲಿದ್ದ ಹೆಲ್ಮೆಟ್ ತೆಗೆದು ನನ್ನ ಸೀಟಿನ ಮೇಲೆ ನಾನೇ ಇಟ್ಟೆ.

ಕೆಳಗಿಳಿದವಳೇ ಅಪ್ಪನಿಗೆ ಫೋನ್ ಹಚ್ಚಿದೆ. ಬಸ್ಸು ಇನ್ನೂ ಹೊರಟಿರಲಿಲ್ಲ. ಕಿಟಕಿಯಿಂದ ಅವನು ಕತ್ತು ಚಾಚಿ ನೋಡುತ್ತಿದ್ದ. ಅವನಿಗೂ ಕೇಳಲಿ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ.

“ಅಪ್ಪಾ, ಅದಾರ.”