ಗ್ಲೋ ಸೋಕದ ಮುಖ

“ಈ ಗುಳಿಗಳು ಒಂದೂ ಕಾಣ್ಬಾರ್ದು ಕಣಮ್ಮ. ಮದುವೆ ಹೆಣ್ಣುಗಳ ಮೊಕಕ್ಕೆ ಬೆಳಕು ತುಂಬ್ತೀಯಲ್ಲ, ಹಂಗೇ ಇವನಿಗೂ ತುಂಬ್ಬುಡು. ಬೆಳುಗುಪ್ಪದ ಹೆಣ್ಣಿನ ಮನೆಗೆ ಕಳಿಸ್ಬೇಕು.”

ಕಲ್ಯಾಣದುರ್ಗದಿಂದ ಬಂದಿದ್ದ ದ್ರಾಕ್ಷಾಯಣಮ್ಮ ಸೆರಗಿನಿಂದ ಬೆವರೊರೆಸಿಕೊಳ್ಳುತ್ತಾ ಫೋಟೋವನ್ನು ಮೇಜಿನ ಮೇಲಿಟ್ಟಳು. ಆದಿಲಕ್ಷ್ಮಿ ನೋಡಿದವಳೇ ಗುರುತು ಹಿಡಿದಳು. ಚೆನ್ನಕೇಶವ!

“ನನ್ನ ತಮ್ಮ. ಚಿಕ್ಕೋನಿದ್ದಾಗ ಅಮ್ಮ ಬಂದಿತ್ತು, ಸಿಡುಬು. ಫೋಟೋ ಇಲ್ಲಿಗೆ ತಂದಿರೋದು ಅವನಿಗೆ ಗೊತ್ತಿಲ್ಲ.”

“ನಾಳಿದ್ದು ಬನ್ನಿ ಅಕ್ಕಾ,” ಎಂದಷ್ಟೇ ಹೇಳಿದಳು ಆದಿಲಕ್ಷ್ಮಿ.

ಹಿಂದೂಪುರದ ಸೋಮಶೇಖರಪ್ಪನವರ ಸ್ಟುಡಿಯೋಗೆ ಕಂಪ್ಯೂಟರ್ ಬಂದದ್ದು ತೊಂಬತ್ತೆಂಟರಲ್ಲಿ. ಅದನ್ನು ಪಳಗಿಸಿದವಳು ನೇಕಾರ ಕೇಶವಯ್ಯನ ಮಗಳು ಆದಿಲಕ್ಷ್ಮಿ. ಸ್ಕ್ಯಾನ್ ಮಾಡಿದ ಚಿತ್ರದ ಮೇಲೆ ಅದರದೇ ನಕಲೊಂದನ್ನು ಹಾಸಿ, ಆ ನಕಲನ್ನು ಮಸುಕಾಗಿಸಿ, ಹದವಾಗಿ ಬೆರೆಸಿದಳೆಂದರೆ ಮುಖಕ್ಕೆ ಹಾಲಿನಂಥ ಹೊಳಪು ಬರುತ್ತಿತ್ತು. “ಸಾಫ್ಟ್ ಗ್ಲೋ ಅಂದ್ರೆ ನಮ್ಮ ಆದಿಲಕ್ಷ್ಮೀದೇ,” ಎಂದು ಸೋಮಶೇಖರಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಹಾಗೆಂದಾಗ ಅವಳು ನಾಚಿ ತಲೆ ತಗ್ಗಿಸಿದವಳಲ್ಲ.

ಕಲ್ಯಾಣದುರ್ಗದಲ್ಲಿ ಮದುವೆಗಳ ಫೋಟೋ ತೆಗೆಯುವ ಚೆನ್ನಕೇಶವ ಮೊದಲ ಸಲ ಬಂದದ್ದೇ ಜಗಳಕ್ಕೆ.

“ನಾನು ಅಷ್ಟು ಶಾರ್ಪಾಗಿ ತೆಗೆದಿದ್ದನ್ನ ಮಂಜು ಮಾಡ್ಬುಟ್ರಲ್ಲ ಕಣ್ರೀ!”

“ಕಣ್ಣಿನ ಹತ್ರ ಗ್ಲೋ ಒರೆಸಿ ತೆಗ್ದಿದ್ದೀನಿ. ಸರಿಯಾಗಿ ನೋಡ್ರಿ.”

ಅವನು ಬಗ್ಗಿ ನೋಡಿದ. ಮದುಮಗಳ ಕಣ್ಣನ್ನಲ್ಲ, ಇವಳ ಕಣ್ಣನ್ನು.

“ಫೋಟೋ ಅಲ್ಲಿದೆ,” ಎಂದಳು ಆದಿಲಕ್ಷ್ಮಿ. ಅವನು ನಕ್ಕುಬಿಟ್ಟ. ನಗುವಾಗ ಎಡಗೆನ್ನೆಯ ಸಿಡುಬಿನ ಗುಳಿಯೊಂದು ನಗುವಿನ ಗೆರೆಯೊಳಗೆ ಸೇರಿಕೊಳ್ಳುತ್ತಿತ್ತು. ಅಂದಿನಿಂದ ಅವನು ಬಸ್ಸಿಗೆ ಕೊಟ್ಟು ಕಳಿಸಬಹುದಾದ ಫೋಟೋಗಳನ್ನೂ ಖುದ್ದಾಗಿ ತರತೊಡಗಿದ್ದ.

ಈಗ ಅದೇ ಮುಖ ಪರದೆಯ ಮೇಲಿತ್ತು, ಇನ್ನೊಬ್ಬಳ ಮನೆಗೆ ಹೊರಟು.

ಕೆಲಸ ಕೆಲಸವೇ. ಮನಸ್ಸು ಗಟ್ಟಿ ಮಾಡಿಕೊಂಡು ಗ್ಲೋ ತುಂಬಿದಳು. ಗುಳಿಗಳು ಕರಗಿದವು. ಬೆಣ್ಣೆಯಲ್ಲಿ ತಿದ್ದಿದಂಥ ಗಂಡಸು ಎದುರಿಗೆ ನಿಂತ. ಅವಳಿಗೆ ಅವನ ಗುರುತೇ ಸಿಗಲಿಲ್ಲ. ಸುಮ್ಮನೆ ನೋಡುತ್ತಾ ಕುಳಿತವಳು, ಆಮೇಲೆ ಮೌಸ್ ಹಿಡಿದು ಮುಖದ ಮೇಲಿದ್ದ ಬೆಳಕನ್ನೆಲ್ಲ ಒರೆಸಿಹಾಕಿದಳು. ಕೂದಲಂಚಿಗೂ ಹೆಗಲಿಗೂ ಮಾತ್ರ ಹೊಳಪು ಉಳಿಯಿತು.

ಪ್ರಿಂಟ್ ನೋಡಿದ ದ್ರಾಕ್ಷಾಯಣಮ್ಮ ಕೆರಳಿದಳು. “ಇದೇನಮ್ಮಾ! ಇಷ್ಟಕ್ಕೆ ಕಂಪ್ಯೂಟರ್ ಯಾಕ್ ಬೇಕಿತ್ತು?”

“ಈ ಮುಖಾನ ಮರೆಮಾಚಕ್ಕೆ ನನ್ನ ಕೈಲಿ ಆಗಲ್ಲ ಅಕ್ಕಾ. ಬೇರೆ ಕಡೆ ಮಾಡಿಸ್ಕೊಳ್ಳಿ.”

ಮರುದಿನ ಮೊದಲ ಬಸ್ಸಿಗೇ ಚೆನ್ನಕೇಶವ ಬಂದ. ನಗು ಇರಲಿಲ್ಲ.

“ನಮ್ಮಕ್ಕ ನಂಗೆ ಹೇಳ್ದೆ ತಂದಿದ್ದು ತಪ್ಪೇ. ಆದ್ರೆ ಅವತ್ತಿನ ಜಗಳದ ಸೇಡು ನನ್ನ ಮೊಕದ ಮೇಲೆ ತೀರಿಸ್ಕೊಂಡ್ರಾ? ಊರೋರಿಗೆಲ್ಲ ಬೆಳಕು, ನಂಗೊಬ್ಬನಿಗೆ ಇಲ್ವಾ?”

ಆದಿಲಕ್ಷ್ಮಿ ಅದೇ ಫೋಟೋದ ಇನ್ನೊಂದು ನಕಲಿಗೆ ಮತ್ತೆ ಗ್ಲೋ ತುಂಬಿದಳು. ಪರದೆಯ ಮೇಲೆ ಎರಡೂ ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟಳು.

“ಈ ಗ್ಲೋ ಹಾಕಿರೋರು ಚೆಂದಾಗಿದ್ದಾರೆ. ಆದ್ರೆ ಯಾರು ಅಂತ ನಂಗೊತ್ತಿಲ್ಲ.” ಅವಳ ಬೆರಳು ಇನ್ನೊಂದರತ್ತ ಸರಿಯಿತು. “ಇವರು ಗೊತ್ತು. ಇವರು ಬರೋ ಬಸ್ಸಿನ ಹಾರ್ನ್ ಕೇಳಿದ್ರೆ ನನ್ನ ಕೈ ಕೆಲಸ ಬಿಟ್ಬುಡ್ತದೆ.”

ಚೆನ್ನಕೇಶವ ಕುರ್ಚಿಯ ಬೆನ್ನನ್ನು ಹಿಡಿದುಕೊಂಡ.

“ಇನ್ನೊಂದ್ಸಲ ಹೇಳ್ರೀ.”

“ಹೇಳಲ್ಲ. ಕಿವಿ ಸರಿಯಾಗಿ ಇಟ್ಕೊಳ್ಳಿ.”

“ಹಂಗಾದ್ರೆ ನಿಮ್ಮನೇಗೆ ಬತ್ತೀನಿ. ಬೆಳುಗುಪ್ಪಕ್ಕೆ ಯಾವ ಫೋಟೋನೂ ಹೋಗಲ್ಲ.”

“ಬನ್ನಿ. ಅಕ್ಕನ್ನೂ ಕರ್ಕೊಂಡ್ಬನ್ನಿ. ಆದ್ರೆ ಒಂದು ಮಾತು, ನಾನು ಈ ಕೆಲಸ ಬಿಡೋಳಲ್ಲ.”

ಭಾನುವಾರ ಕೇಶವಯ್ಯನ ಮನೆಯಲ್ಲಿ ಮಗ್ಗದ ಸದ್ದು ನಿಂತಿತ್ತು. ದ್ರಾಕ್ಷಾಯಣಮ್ಮ ಮೊದಮೊದಲು ಬಿಗುವಾಗಿಯೇ ಕುಳಿತಿದ್ದಳು. ಆದರೆ ಆ ಹುಡುಗಿ ತನ್ನ ತಮ್ಮನನ್ನು ಇದ್ದ ಹಾಗೇ ಒಪ್ಪಿದವಳು ಎಂಬುದು ದಾರಿಯುದ್ದಕ್ಕೂ ಅವಳ ಮನಸ್ಸಿಗೆ ಇಳಿಯುತ್ತಾ ಬಂದಿತ್ತು. ಆದಿಲಕ್ಷ್ಮಿಯ ತಾಯಿ ಕೊಟ್ಟ ಹೂವನ್ನು ಬಾಯಿ ತುಂಬ ನಗುತ್ತಲೇ ಮುಡಿದಳು.

ಕೇಶವಯ್ಯ ಗಂಟಲು ಸರಿ ಮಾಡಿಕೊಂಡ. “ನೋಡಪ್ಪ, ನನ್ನ ಮಗಳ ಕೈಕೆಲಸ ನೋಡಕ್ಕೆ ಮೂರು ತಾಲ್ಲೂಕಿನ ಜನ ಬತ್ತಾರೆ. ಮದುವೆ ಆದ್ಮೇಲೆ ಅದನ್ನ ಬಿಡಿಸ್ಬಾರ್ದು ಕಣಪ್ಪ.”

“ಬಿಡಿಸೋದಾ? ಕಲ್ಯಾಣದುರ್ಗದಾಗೆ ಅವರ ಹೆಸರಿನಾಗೇ ಸ್ಟುಡಿಯೋ ತೆಗೀತೀನಿ. ನಾನು ಅಲ್ಲಿ ಕ್ಯಾಮೆರಾ ಹಿಡ್ಕೊಂಡಿರ್ತೀನಿ, ಅಷ್ಟೇ ಮಾವ!”

ಇನ್ನೂ ಎಲೆ-ಅಡಿಕೆಯನ್ನೂ ಬದಲಾಯಿಸಿಕೊಂಡಿರಲಿಲ್ಲ. “ಮಾವ” ಎಂದದ್ದು ಕೇಳಿ ಮನೆಯೆಲ್ಲ ಘೊಳ್ಳೆಂದು ನಕ್ಕಿತು. ಚೆನ್ನಕೇಶವನ ಕಿವಿ ಕೆಂಪಾಯಿತು.

ಒಳಗಿನಿಂದ ಆದಿಲಕ್ಷ್ಮಿ ಕಾಫಿ ತಟ್ಟೆ ಹಿಡಿದು ಬಂದಳು. ತಲೆ ತಗ್ಗಿಸು ಎಂದು ತಾಯಿ ಕಣ್ಣಲ್ಲೇ ಗದರಿದರೂ ಅವಳು ತಗ್ಗಿಸಲಿಲ್ಲ. ನೇರವಾಗಿ ನಡೆದು ಬಂದು ಅವನೆದುರು ನಿಂತು, ಎಲ್ಲರೂ ನೋಡುತ್ತಿರುವಂತೆಯೇ ಅವನ ಮುಖವನ್ನು ಕಣ್ತುಂಬ ನೋಡಿದಳು.

“ತಗೊಳ್ಳಿ,” ಎಂದಳು.